ಕುಂಭಕವಿಲ್ಲದ ಉಸಿರಾಟ: ಸ್ಕೂಬಾ ಡೈವಿಂಗ್‌ನ ಸೆಳೆತ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಾನು ಹಾಸನದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದು ನಿವೃತ್ತಳಾಗಿದ್ದೇನೆ, ವಯಸ್ಸು 61. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಎರಡು ವರ್ಷಗಳ ಹಿಂದೆ ಗೆಳತಿಯರೊಂದಿಗೆ ಮುರುಡೇಶ್ವರಕ್ಕೆ ಹೋದವಳು ನೇತ್ರಾಣಿ ದ್ವೀಪದಲ್ಲಿ ಮೊದಲ ಬಾರಿ ಸ್ಕೂಬಾ ಡೈವಿಂಗ್, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಮುಳುಗುವುದನ್ನು, ಮಾಡಿದಳು. ಅಂದಿನಿಂದ ಅವಳ ರಜೆ, ಉಳಿತಾಯ ಎರಡೂ ಅಂಡಮಾನ್, ಲಕ್ಷದ್ವೀಪ ಎಂದು ನೀರಿನ ಪಾಲಾಗುತ್ತಿವೆ. ಅಲ್ಲಿ ಅಂಥದ್ದೇನಿದೆ ಎಂದು ಕೇಳಿದರೆ, "ಹೇಳೋಕೆ ಬರಲ್ಲಮ್ಮ, ನೀನೇ ಒಂದ್ಸಲ ಇಳಿದು ನೋಡು" ಎನ್ನುತ್ತಾಳೆ. ಇದು ಅಪಾಯದೊಂದಿಗೆ ಆಟವಾಡುವ ಚಟವೇ? ಜನರಿಗೆ ಇದರ ಹುಚ್ಚು ಇಷ್ಟೊಂದು ಹಿಡಿಯುವುದೇಕೆ? ದಿನವೂ ಯೋಗಾಭ್ಯಾಸ ಮಾಡುವ, ಆದರೆ ಈಜು ಬಾರದ ನನ್ನಂಥವಳು ನಿಜಕ್ಕೂ ಇಳಿಯಬಹುದೇ?

ಉತ್ತರ: ನಿಮ್ಮ ಮಗಳು ಪ್ರಶ್ನೆಯಿಂದ ನುಣುಚಿಕೊಂಡರೆಂದು ನನಗನ್ನಿಸುವುದಿಲ್ಲ. ಹೊನ್ನಾವರದ ಕಡಲ ಮಗ್ಗುಲಲ್ಲೇ ಹುಟ್ಟಿ ಬೆಳೆದು, ಹದಿನಾಲ್ಕು ವರ್ಷಗಳಿಂದ ಸ್ಕೂಬಾ ಕಲಿಸುವುದನ್ನೇ ಕಸುಬು ಮಾಡಿಕೊಂಡಿರುವ ನನಗೂ, ನನ್ನ ತಾಯಿ ಇದೇ ಪ್ರಶ್ನೆ ಕೇಳಿದಾಗ ಬಹಳ ಕಾಲ ಸರಿಯಾದ ಉತ್ತರ ಹೊಳೆದಿರಲಿಲ್ಲ. ಬಣ್ಣಬಣ್ಣದ ಮೀನುಗಳಿವೆ ಎಂದರೆ ಅದನ್ನು ಟಿವಿಯಲ್ಲೇ ನೋಡಬಹುದಲ್ಲ ಎನ್ನುತ್ತಿದ್ದರು. ಸಾಹಸ ಎಂದರೆ ಇನ್ನಷ್ಟು ಹೆದರುತ್ತಿದ್ದರು. ಇಷ್ಟು ವರ್ಷ ಕಲಿಯುವವರ ಮುಖ ನೋಡಿದ ಮೇಲೆ ನನಗೊಂದು ಖಚಿತವಾಗಿದೆ. ಸಾಹಸವನ್ನು ಬಯಸಿ ಬರುವವರು ಸಾಮಾನ್ಯವಾಗಿ ಒಮ್ಮೆ ಬರುತ್ತಾರೆ, ವಿಡಿಯೋ ಮಾಡಿಸಿಕೊಂಡು ಹೋಗುತ್ತಾರೆ, ಮುಂದಿನ ವರ್ಷ ಬೇರೇನನ್ನೋ ಹುಡುಕಿಕೊಳ್ಳುತ್ತಾರೆ. ಎರಡನೆಯ ಬಾರಿ, ಹತ್ತನೆಯ ಬಾರಿ ಮರಳಿ ಬರುವವರನ್ನು ಎಳೆದು ತರುವುದು ಬೇರೆಯದೇ ಸಂಗತಿ, ಮತ್ತು ನನ್ನ ತಿಳಿವಳಿಕೆಯ ಮಟ್ಟಿಗೆ ಆ ಸಂಗತಿ ಉಸಿರು.

ನೆಲದ ಮೇಲೆ ನಾವು ಉಸಿರನ್ನು ಗಮನಿಸುವುದು ಮೆಟ್ಟಿಲು ಹತ್ತಿ ಏದುಸಿರು ಬಿಡುವಾಗ ಮಾತ್ರ. ನೀರಿನ ಕೆಳಗೆ ಅದೇ ಉಸಿರು ನಮ್ಮ ಇಂಧನವಾಗುತ್ತದೆ, ಇನ್ನೆಷ್ಟು ಹೊತ್ತು ಇರಬಹುದೆಂದು ಹೇಳುವ ಗಡಿಯಾರವಾಗುತ್ತದೆ, ದೇಹವನ್ನು ಮೇಲೆ ಕೆಳಗೆ ಒಯ್ಯುವ ಚುಕ್ಕಾಣಿಯೂ ಆಗುತ್ತದೆ. ಡೈವಿಂಗ್‌ನ ಉಳಿದೆಲ್ಲ ಸುಖಗಳೂ, ಮೀನುಗಳ ಸಾಮೀಪ್ಯವೂ ಸೇರಿದಂತೆ, ಇದರ ಹಿಂದೆಯೇ ಬರುತ್ತವೆ. ನೀವು ವಿಜ್ಞಾನ ಕಲಿಸಿದವರಾದ್ದರಿಂದ ಇದನ್ನು ಸ್ವಲ್ಪ ಲೆಕ್ಕದ ಸಮೇತ ವಿವರಿಸುತ್ತೇನೆ.

ಮನುಷ್ಯ ಕಡಲಿಗೆ ಮುಳುಗುವುದು ಹೊಸದೇನಲ್ಲ. ನಮ್ಮ ಉತ್ತರ ಕನ್ನಡದ ತೀರದಲ್ಲಿ ಬಂಡೆಗೆ ಅಂಟಿದ ನೀಲಿಕಲ್ಲು ಎಂಬ ಚಿಪ್ಪುಜೀವಿಯನ್ನು ಕೀಳಲು ಇಂದಿಗೂ ಬರಿ ಉಸಿರಿನ ಮೇಲೆ ಮುಳುಗುವವರಿದ್ದಾರೆ. ಅವರು ಉಸಿರು ಕಟ್ಟಿ ಇಳಿಯುತ್ತಾರೆ, ಕೈಗೆ ಸಿಕ್ಕಷ್ಟನ್ನು ಕಿತ್ತುಕೊಂಡು ಏಳುತ್ತಾರೆ. ಸುತ್ತ ನೋಡುತ್ತ ನಿಲ್ಲುವ ಪುರುಸೊತ್ತು ಅವರಿಗಿಲ್ಲ. ಆ ಪುರುಸೊತ್ತನ್ನು ಒದಗಿಸಿದ್ದು 1943ರಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾದ ಒಂದು ಸಣ್ಣ ಕವಾಟ. ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ ಅದನ್ನು ರೂಪಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಕಾರುಗಳನ್ನು ಅನಿಲದಿಂದ ಓಡಿಸಬೇಕಾಗಿ ಬಂದಾಗ ಗಾನ್ಯಾನ್ ಮಾಡಿದ್ದ ಕವಾಟವೇ ಅದರ ಮೂಲ. ಎಂಜಿನ್ ಎಳೆದುಕೊಂಡಷ್ಟೇ ಅನಿಲ ಬಿಡುತ್ತಿದ್ದ ಆ ಉಪಾಯವನ್ನು ಮನುಷ್ಯನ ಶ್ವಾಸಕೋಶಕ್ಕೆ ಹೊಂದಿಸಿದ್ದರಿಂದ, ಮುಳುಗುಗಾರ ಉಸಿರೆಳೆದಾಗ ಮಾತ್ರ, ಅವನಿರುವ ಆಳದ ಒತ್ತಡಕ್ಕೆ ಸರಿಸಮನಾಗಿ ಗಾಳಿ ಬರುವಂತಾಯಿತು. ಇಂದು ನಾವು ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ಅದರದೇ ವಂಶ. ಬೆನ್ನ ಮೇಲಿನ ಸಿಲಿಂಡರಿನಲ್ಲಿರುವುದು ಆಮ್ಲಜನಕವೆಂದು ಪತ್ರಿಕೆಗಳೂ ಬರೆಯುತ್ತವೆ. ಆದರೆ ಅದು ನಾವೆಲ್ಲ ಉಸಿರಾಡುವ ಮಾಮೂಲಿ ಗಾಳಿ, ಸೋಸಿ ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವನ್ನು ಆರು ಮೀಟರಿಗಿಂತ ಕೆಳಗೆ ಉಸಿರಾಡಿದರೆ ಅದೇ ವಿಷವಾಗಿ ಫಿಟ್ಸ್ ತರಬಲ್ಲದು.

ಈಗ ಲೆಕ್ಕ. ಪ್ರತಿ ಹತ್ತು ಮೀಟರ್ ನೀರು ಒಂದು ವಾಯುಮಂಡಲದಷ್ಟು ಒತ್ತಡವನ್ನು ಸೇರಿಸುತ್ತದೆ; ಹತ್ತು ಮೀಟರಿನಲ್ಲಿ ಒತ್ತಡ ಎರಡು ಪಟ್ಟು, ಇಪ್ಪತ್ತರಲ್ಲಿ ಮೂರು ಪಟ್ಟು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್, ಅಂದರೆ ಹೆಚ್ಚುಕಡಿಮೆ 200 ವಾಯುಮಂಡಲದ ಒತ್ತಡಕ್ಕೆ ಗಾಳಿ ತುಂಬಿದರೆ ಸುಮಾರು 2,400 ಲೀಟರ್ ಗಾಳಿ ಹಿಡಿಯುತ್ತದೆ. ಅದರಲ್ಲಿ 50 ಬಾರ್ ತುರ್ತಿಗೆಂದು ಮುಟ್ಟದೆ ಬಿಟ್ಟರೆ ಉಳಿಯುವುದು 1,800 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡುವ ವ್ಯಕ್ತಿಗೆ ಇದು ನೆಲದ ಮೇಲೆ ಒಂದೂವರೆ ಗಂಟೆ ಬರುತ್ತದೆ, ಹತ್ತು ಮೀಟರಿನಲ್ಲಿ 45 ನಿಮಿಷ, ಇಪ್ಪತ್ತು ಮೀಟರಿನಲ್ಲಿ ಬರೇ 30 ನಿಮಿಷ. ನೀವು ಕರಿಹಲಗೆಯ ಮೇಲೆ ಎಷ್ಟೋ ಬಾರಿ ಬರೆದಿರಬಹುದಾದ ಬಾಯ್ಲ್‌ನ ನಿಯಮವೇ ಇದು. ಆದರೆ ಗಾಬರಿಗೊಂಡ ಹೊಸಬ ನಿಮಿಷಕ್ಕೆ 35 ಅಥವಾ 40 ಲೀಟರ್ ಎಳೆದುಕೊಳ್ಳುತ್ತಾನೆ, ಪಳಗಿದವನು 15ರಲ್ಲೇ ತೃಪ್ತನಾಗಿರುತ್ತಾನೆ. ಒಂದೇ ದೋಣಿಯಲ್ಲಿ ಬಂದು, ಒಂದೇ ಅಳತೆಯ ಸಿಲಿಂಡರ್ ಹೊತ್ತು ಇಳಿದ ಇಬ್ಬರಲ್ಲಿ ಒಬ್ಬರು ಇಪ್ಪತ್ತೈದು ನಿಮಿಷಕ್ಕೆ ಮೇಲೆ ಬರಬೇಕಾಗುತ್ತದೆ, ಇನ್ನೊಬ್ಬರು ಐವತ್ತು ನಿಮಿಷ ಕಳೆದ ಮೇಲೂ ಕೆಳಗಿರುತ್ತಾರೆ. ಈ ವ್ಯತ್ಯಾಸ ತೋಳಿನ ಬಲದಿಂದ ಬರುವುದಿಲ್ಲ. ವ್ಯಾಯಾಮಶಾಲೆಯಲ್ಲಿ ಪಳಗಿದ ಹುಡುಗರು ಸಿಲಿಂಡರ್ ಖಾಲಿ ಮಾಡಿಕೊಂಡು ಪೆಚ್ಚುಮೋರೆ ಹಾಕಿ ಮೇಲೇಳುವುದನ್ನೂ, ಅವರ ಜೊತೆ ಬಂದಿದ್ದ ಸಣಕಲು ಮೈಯ ಅತ್ತೆಯೊಬ್ಬರು ನಿಶ್ಚಿಂತೆಯಿಂದ ಕೆಳಗೆ ಉಳಿದಿರುವುದನ್ನೂ ನಾನು ಒಂದಲ್ಲ ಹಲವು ಸಲ ಕಂಡಿದ್ದೇನೆ.

ಇನ್ನು ಚುಕ್ಕಾಣಿಯ ಮಾತು. ತರಬೇತಿಯ ಎರಡನೆಯ ಅಥವಾ ಮೂರನೆಯ ದಿನ ನಾವೊಂದು ಅಭ್ಯಾಸ ಮಾಡಿಸುತ್ತೇವೆ. ಮರಳು ತಳದ ಮೇಲೆ ಬೋರಲಾಗಿ ಮಲಗಿಸಿ, ಕಾಲಿಗೆ ತೊಟ್ಟ ಈಜುರೆಕ್ಕೆ, ಅಂದರೆ ಫಿನ್‌ನ ತುದಿ ಮಾತ್ರ ನೆಲಕ್ಕೆ ತಾಗುವಂತೆ ತೇಲಲು ನೆರವಾಗುವ ಜಾಕೆಟ್ಟಿಗೆ ಸ್ವಲ್ಪ ಸ್ವಲ್ಪವೇ ಗಾಳಿ ತುಂಬಿಸಿ, ಈಗ ಕೈಕಾಲು ಆಡಿಸದೆ ಬರಿದೇ ಉಸಿರಾಡಿ ಎಂದು ಸನ್ನೆ ಮಾಡುತ್ತೇವೆ. ನಿಧಾನವಾಗಿ ಉಸಿರೆಳೆದರೆ ಎದೆ ಹಿಗ್ಗುತ್ತದೆ, ದೇಹ ತಳ್ಳಿಹಾಕುವ ನೀರಿನ ಪ್ರಮಾಣ ಹೆಚ್ಚುತ್ತದೆ, ಒಂದೆರಡು ಕ್ಷಣ ಕಳೆದು ಭುಜಗಳು ತಾವಾಗಿಯೇ ಮೇಲೇಳುತ್ತವೆ. ಉಸಿರು ಬಿಟ್ಟರೆ ಹಾಗೆಯೇ ಇಳಿಯುತ್ತವೆ. ಆರ್ಕಿಮಿಡೀಸನ ತತ್ವ ಪುಸ್ತಕದಿಂದ ಎದ್ದು ಬಂದು ತಮ್ಮದೇ ಪಕ್ಕೆಲುಬುಗಳಲ್ಲಿ ಕೆಲಸ ಮಾಡುವುದು ಅರಿವಿಗೆ ಬಂದ ಆ ಗಳಿಗೆಯಲ್ಲಿ ಮಾಸ್ಕಿನ ಗಾಜಿನ ಹಿಂದೆ ಕಣ್ಣುಗಳು ಅಗಲವಾಗುತ್ತವೆ. ಕೆಲವರು ನಗಲು ಹೋಗಿ, ಕೆನ್ನೆ ಸುಕ್ಕಾಗಿ, ಮಾಸ್ಕಿನೊಳಗೆ ನೀರು ಬಿಟ್ಟುಕೊಳ್ಳುತ್ತಾರೆ. ಯಾರಿಗೆ ಹುಚ್ಚು ಹಿಡಿಯಲಿದೆ, ಯಾರಿಗೆ ಇಲ್ಲ ಎಂಬುದನ್ನು ನಾನು ಸಾಮಾನ್ಯವಾಗಿ ಆ ಗಳಿಗೆಯಲ್ಲೇ ಗುರುತಿಸಿಬಿಡುತ್ತೇನೆ. ಶಾರ್ಕ್ ಕಂಡಾಗ ಯಾರು ಎಷ್ಟು ಹಿಗ್ಗಿದರು ಎಂಬುದರಿಂದ ಅದು ತಿಳಿಯುವುದಿಲ್ಲ.

ಯೋಗಾಭ್ಯಾಸ ಮಾಡುವ ನಿಮಗೆ ಪೂರಕ, ಕುಂಭಕ, ರೇಚಕಗಳ, ಅಂದರೆ ಉಸಿರೆಳೆಯುವ, ಹಿಡಿದಿಡುವ, ಬಿಡುವ ಕ್ರಮಗಳ ಪರಿಚಯವಿದ್ದೇ ಇರುತ್ತದೆ. ಡೈವಿಂಗ್‌ನಲ್ಲಿ ಪೂರಕವುಂಟು, ರೇಚಕವುಂಟು, ಕುಂಭಕ ಮಾತ್ರ ಕಟ್ಟುನಿಟ್ಟಾಗಿ ನಿಷಿದ್ಧ. ಉಸಿರು ಹಿಡಿಯಬೇಡಿ ಎಂಬುದು ನಾವು ಕಲಿಸುವ ಮೊದಲ ನಿಯಮ, ಕೊನೆಯ ದಿನದವರೆಗೂ ಜಪದಂತೆ ಹೇಳಿಸುವ ನಿಯಮವೂ ಅದೇ. ಹತ್ತು ಮೀಟರಿನಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿಯನ್ನು ಹಿಡಿದಿಟ್ಟುಕೊಂಡು ಮೇಲೆ ಬಂದರೆ, ಒತ್ತಡ ಅರ್ಧಕ್ಕಿಳಿದು ಗಾಳಿ ಇಮ್ಮಡಿಯಾಗಿ ಶ್ವಾಸಕೋಶ ಹರಿಯಬಹುದು. ಒಂದೆರಡು ಮೀಟರಿನ ಏರಿಕೆಯೂ ಇದಕ್ಕೆ ಸಾಕು. ಹೀಗಾಗಿ ಒಂದು ಡೈವಿನ ಮುಕ್ಕಾಲು ಗಂಟೆ ಮನಸ್ಸು ತನ್ನ ಉಸಿರಿನ ಬಳಿಯಿಂದ ಅಷ್ಟು ದೂರ ಹೋಗುವಂತೆಯೇ ಇಲ್ಲ. ಧ್ಯಾನಕ್ಕೆ ಕೂತವರಿಗೆ ಮನಸ್ಸು ಓಡುತ್ತದೆ, ಹಿಡಿದು ತರಬೇಕಾಗುತ್ತದೆ. ಇಲ್ಲಿ ಓಡಲು ಸಲಿಗೆಯೇ ಸಿಗುವುದಿಲ್ಲ. ದಿನಕ್ಕೆ ಹತ್ತು ತಾಸು ಪರದೆಯ ಮುಂದೆ, ಏಕಕಾಲಕ್ಕೆ ನಾಲ್ಕು ಮಾತುಕತೆಗಳ ನಡುವೆ ಇರುವ ನಿಮ್ಮ ಮಗಳಂಥವರಿಗೆ ಇದು ಎಷ್ಟು ದೊಡ್ಡ ಬಿಡುವು ಎಂಬುದನ್ನು ನಾನು ಹೊರಗಿನಿಂದ ಊಹಿಸಬಲ್ಲೆನಷ್ಟೆ. ಆದರೆ ನನ್ನಲ್ಲಿಗೆ ಮರಳಿ ಮರಳಿ ಬರುವವರಲ್ಲಿ ಅಂಥವರೇ ಹೆಚ್ಚು.

ಉಸಿರು ನಿಧಾನವಾದ ಮೇಲೆ ಕಣ್ಣು ಕಿವಿ ತೆರೆಯುತ್ತವೆ. ಕಡಲ ತಳ ನಿಶ್ಶಬ್ದವೆಂದು ಬರೆಯುವವರು ಅಲ್ಲಿಗೆ ಹೋಗಿರಲಾರರು. ಬಂಡೆಗಳ ಹತ್ತಿರ ಸದಾ ಒಂದು ಚಟಪಟ ಸದ್ದು, ಕಾದ ಎಣ್ಣೆಗೆ ಸಾಸಿವೆ ಬಿದ್ದಾಗ ಪಕ್ಕದ ಕೋಣೆಗೆ ಕೇಳಿಸುತ್ತದಲ್ಲ, ಹಾಗೆ ನಡೆದೇ ಇರುತ್ತದೆ. ಬೆರಳುದ್ದದ ಒಂದು ಜಾತಿಯ ಸಿಗಡಿಗಳು ತಮ್ಮ ಇಕ್ಕಳದಂಥ ಮುಂಗಾಲನ್ನು ರಭಸದಿಂದ ಮುಚ್ಚಿದಾಗ ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆಯುವ ಸದ್ದದು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ, ಗಾಳಿಗಿಂತ ನಾಲ್ಕು ಪಟ್ಟು ಬೇಗ ಸಾಗುವುದರಿಂದ ಎರಡೂ ಕಿವಿಗಳಿಗೆ ಹೆಚ್ಚುಕಡಿಮೆ ಒಟ್ಟಿಗೇ ತಲುಪುತ್ತದೆ, ಆದ್ದರಿಂದ ಸದ್ದು ಯಾವ ದಿಕ್ಕಿನದೆಂದು ಹೇಳಲಾಗುವುದಿಲ್ಲ. ಒಗ್ಗರಣೆ ನಮ್ಮ ತಲೆಯೊಳಗೇ ಸಿಡಿಯುತ್ತಿದೆಯೇನೋ ಎನ್ನಿಸುತ್ತದೆ.

ಬಣ್ಣದ ವಿಷಯದಲ್ಲಿ ಕಡಲು ಇನ್ನೂ ವಿಚಿತ್ರ. ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪಿನ ಬಹುಪಾಲು ಮಾಯವಾಗಿರುತ್ತದೆ, ಆಮೇಲೆ ಕಿತ್ತಳೆ, ಹಳದಿ. ಕೊನೆಗೆ ಉಳಿಯುವುದು ನೀಲಿ. ಕುಂಕುಮವಿಟ್ಟುಕೊಂಡು ಇಳಿದರೆ ಹದಿನೈದು ಮೀಟರಿನಲ್ಲಿ ಅದು ಕಪ್ಪು ಬೊಟ್ಟಾಗಿ ಕಾಣುತ್ತದೆ. ಬೆರಳು ಗೀರಿ ಬಂದ ರಕ್ತ ಹಸುರು ಮಿಶ್ರಿತ ಕಪ್ಪಾಗಿ ತೋರಿ ಹೊಸಬರನ್ನು ಕಂಗೆಡಿಸುತ್ತದೆ. ಬಂಡೆಯ ಬಿರುಕಿನಲ್ಲಿ ಬೂದಿಬಣ್ಣದ ಸಪ್ಪೆ ಮೀನೊಂದು ನಿಂತಿರುತ್ತದೆ. ಟಾರ್ಚು ಹಚ್ಚಿದ ಕೂಡಲೇ ಅದು ಕೆಂಡದ ಹಾಗೆ ಕೆಂಪಾಗಿ ಹೊಳೆದು, ಟಾರ್ಚು ಆರಿಸಿದರೆ ಮತ್ತೆ ಬೂದಿಯಾಗುತ್ತದೆ. ಟಿವಿಯಲ್ಲಿ ಕಾಣುವ ಹೊಳಪು ಬಣ್ಣಗಳಲ್ಲಿ ಬಹಳಷ್ಟು ದೀಪ ಹಿಡಿದು ತೆಗೆದವು. ಮಾಸ್ಕಿನ ಗಾಜಿನ ಮೂಲಕ ಬೆಳಕು ಬಾಗುವುದರಿಂದ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿಯೂ ತೋರುತ್ತದೆ. ಮೂರಡಿಯ ಮೀನನ್ನು ನಾಲ್ಕಡಿ ಎಂದು ಹೇಳುವ ಡೈವರ್ ಸುಳ್ಳು ಹೇಳುತ್ತಿಲ್ಲ. ಐದಡಿ ಎಂದರೆ ಮಾತ್ರ ಅನುಮಾನಿಸಿ.

ಆದರೆ ಅತ್ಯಂತ ದೊಡ್ಡ ಸೋಜಿಗವೆಂದರೆ ಅಲ್ಲಿನ ಜೀವಿಗಳು ನಮ್ಮನ್ನು ಕಂಡು ಓಡದಿರುವುದು. ಕಾಡಿನಲ್ಲಿ ಜೀಪು ಹೋದರೆ ಜಿಂಕೆ ತಲೆಯೆತ್ತುತ್ತದೆ, ಇನ್ನೂರು ಹೆಜ್ಜೆ ದೂರದಲ್ಲಿದ್ದರೂ ಮೈ ಬಿಗಿ ಹಿಡಿಯುತ್ತದೆ. ನೀರಿನಲ್ಲಿ ಕೈಕಾಲು ಬಡಿಯದೆ ತೇಲುತ್ತ ನಿಂತವರು ಸ್ವಲ್ಪ ಹೊತ್ತಿಗೆ ಮೀನುಗಳ ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಅಂಡಮಾನಿನ ಹ್ಯಾವ್‌ಲಾಕಿನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಒಂದು ಹವಳದ ದಿಬ್ಬದ ಮುಂದೆ ನಾನು ಹೀಗೆ ನಿಂತಿದ್ದೆ. ಕರಾವಳಿಯ ಮೀನು ಪೇಟೆಗಳಲ್ಲಿ ಮುರು ಎಂದು ಕರೆಯುವ ಗ್ರೂಪರ್ ಜಾತಿಯ, ತೊಡೆಗಾತ್ರದ ಮೀನೊಂದು ಬಂದು, ತಲೆಯನ್ನು ತುಸು ಮೇಲಕ್ಕೆತ್ತಿ, ಬಾಯಿ ತೆರೆದು ನಿಶ್ಚಲವಾಯಿತು. ಬೆರಳಿನಷ್ಟಿದ್ದ ನೀಲಿ ಪಟ್ಟೆಯ ಎರಡು ಮೀನುಗಳು ಕುಣಿಯುತ್ತ ಬಂದು ಅದರ ತುಟಿ, ಕಿವಿರುಗಳ ಅಂಚನ್ನೆಲ್ಲ ಕುಟುಕಿ ಸ್ವಚ್ಛಗೊಳಿಸಿದವು. ಒಂದು ಬಾಯೊಳಗೇ ಹೋಗಿ ಕಿವಿರಿನ ಮೂಲಕ ಹೊರಬಂತು. ಒಂದೇ ತುತ್ತಿಗೆ ಅವೆರಡನ್ನೂ ನುಂಗಬಹುದಾಗಿದ್ದ ಆ ಮೀನು, ಸಾಕೆನಿಸಿದಾಗ ಮೈಯನ್ನೊಮ್ಮೆ ಕೊಡವಿತು, ಚಿಕ್ಕವು ಹಿಂದೆ ಸರಿದವು. ಅದರ ಹಿಂದೆ ಸರದಿಯಲ್ಲಿ ಕಾಯುತ್ತಿದ್ದ ಗಿಳಿಮೀನು ಮುಂದೆ ಬಂತು. ನಮ್ಮೂರಿನ ಕ್ಷೌರದಂಗಡಿಯ ಭಾನುವಾರದ ಬೆಳಗ್ಗೆ ಇದಕ್ಕಿಂತ ಬೇರೆಯಾಗಿರುವುದಿಲ್ಲ. ನಾನು ಅಲ್ಲಿ ನಿಂತದ್ದು ಇಪ್ಪತ್ತು ನಿಮಿಷ. ಆ ಡೈವಿನಲ್ಲಿ ಬೇರೇನನ್ನೂ ನೋಡಲಿಲ್ಲ, ನೋಡಬೇಕೆನಿಸಲೂ ಇಲ್ಲ. ಗಿಳಿಮೀನು ತನ್ನ ಸರದಿ ಮುಗಿಸಿ ಹೋಗಿ ಬಂಡೆಯನ್ನು ಕರಕರ ಕೆರೆದು ತಿನ್ನತೊಡಗಿದ್ದು ಕಿವಿಗೆ ಕೇಳುತ್ತಿತ್ತು. ನಾವು ಹಾಸುಗಂಬಳಿಯಂತೆ ಮೆಚ್ಚುವ ಆ ದ್ವೀಪಗಳ ಬಿಳಿ ಮರಳಿನಲ್ಲಿ ಗಣನೀಯ ಪಾಲು ಈ ಮೀನುಗಳು ಹವಳವನ್ನು ಅರೆದು ವಿಸರ್ಜಿಸಿದ್ದು ಎಂಬುದನ್ನು ಪ್ರವಾಸಿಗರಿಗೆ ತಿಳಿಸಬೇಕೋ ಬೇಡವೋ ಎಂಬ ಸಂಕೋಚ ನನಗೆ ಇನ್ನೂ ಹೋಗಿಲ್ಲ.

ನಿಮ್ಮ ಮಗಳು ಮೊದಲು ಇಳಿದ ನೇತ್ರಾಣಿಯ ಬಗ್ಗೆಯೂ ಒಂದು ಮಾತು. ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಜನವಸತಿಯಿಲ್ಲದ, ಕಡಿದಾದ ಬಂಡೆಗಳು ನೇರ ಕಡಲಿಗಿಳಿದಿರುವ ಗುಡ್ಡವದು. ಅಂಡಮಾನಿನ ಹವಳದ ತೋಟಗಳನ್ನು ಅಲ್ಲಿ ನಿರೀಕ್ಷಿಸಬಾರದು, ನೀರೂ ಅಷ್ಟು ತಿಳಿಯಾಗಿರುವುದಿಲ್ಲ. ಆದರೆ ಬಂಡೆಗಳ ಸುತ್ತ ಮೀನುಗಳ ಸಮೃದ್ಧಿ ನಿಜವಾದದ್ದು, ಬರಾಕುಡಾ ಮೀನುಗಳ ಹಿಂಡು ತಲೆಯ ಮೇಲೆ ಬೆಳ್ಳಿಯ ತಟ್ಟೆಗಳಂತೆ ಸುತ್ತುವುದನ್ನು ಕಂಡವರು ಮರೆಯುವುದಿಲ್ಲ. ಮೊದಲ ಬಾರಿ ಇಳಿಯುವವರನ್ನು ಅಲ್ಲಿ ಬೋಧಕರು ಸಿಲಿಂಡರ್ ಹಿಡಿದುಕೊಂಡೇ ಸುತ್ತಿಸುತ್ತಾರೆ, ಆದ್ದರಿಂದ ನಾನು ಮೇಲೆ ಹೇಳಿದ ಚುಕ್ಕಾಣಿಯ ಸುಖ ಆ ದಿನ ಸಿಗುವುದಿಲ್ಲ. ಸಿಗುವುದು ಅದರ ಒಂದು ವಾಸನೆ ಮಾತ್ರ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ, ಕೆಲವರು ಅದನ್ನು ಹಿಡಿದುಕೊಂಡು ತರಬೇತಿಗೆ ಬರುತ್ತಾರೆ.

ಹುಚ್ಚಿಗೆ ಇಷ್ಟು ಘನವಾದ ಕಾರಣಗಳಷ್ಟೇ ಇವೆಯೆಂದರೆ ಅದು ಪೂರ್ತಿ ಪ್ರಾಮಾಣಿಕ ಉತ್ತರವಾಗದು. ಎಷ್ಟು ಡೈವ್ ಆಯಿತು ಎಂದು ಲಾಗ್‌ಬುಕ್ಕಿನಲ್ಲಿ ಎಣಿಸುವ ಚಪಲವಿದೆ. ಒಂದು ಸರ್ಟಿಫಿಕೇಟಿನ ಮೇಲೆ ಇನ್ನೊಂದನ್ನು ಪೇರಿಸುವ ಚಟವೂ ಇದೆ. ಮೊದಲ ಕೋರ್ಸು ಮುಗಿಸಿದವರು 18 ಮೀಟರಿನವರೆಗೆ ಹೋಗಬಹುದು, ಮುಂದಿನದು ಮುಗಿಸಿದರೆ 30, ವಿಶೇಷ ತರಬೇತಿ ಪಡೆದವರಿಗೂ ಹವ್ಯಾಸದ ಡೈವಿಂಗ್‌ನ ಮಿತಿ 40. ಆಳ ಹೆಚ್ಚಿದಷ್ಟೂ ಸುಖ ಹೆಚ್ಚೆಂಬ ಭ್ರಮೆಗೆ ಬಿದ್ದವರು ನೀಲಿ ಕತ್ತಲೆಯನ್ನು ನೋಡಿ ಬರುತ್ತಾರೆ, ಅಷ್ಟೆ. ನನ್ನ ಅನುಭವದಲ್ಲಿ ಎಂಟರಿಂದ ಹದಿನೈದು ಮೀಟರಿನ ನಡುವೆಯೇ ಬೆಳಕೂ ಜೀವರಾಶಿಯೂ ಚೆನ್ನಾಗಿರುತ್ತವೆ. ದುಬಾರಿ ಸಾಮಗ್ರಿಗಳ ಗೀಳಂತೂ ಕ್ಯಾಮೆರಾ ಹವ್ಯಾಸಿಗಳ ಗೀಳಿಗೆ ಕಡಿಮೆಯದಲ್ಲ. ನಿಮ್ಮ ಮಗಳ ಉಳಿತಾಯದ ಬಗ್ಗೆ ನನ್ನ ಸಲಹೆ ಇಷ್ಟೇ: ಮುಖಕ್ಕೆ ಸರಿಹೊಂದುವ ಮಾಸ್ಕ್ ಮತ್ತು ಆಳ, ಸಮಯಗಳ ಲೆಕ್ಕವಿಡುವ ಡೈವ್ ಕಂಪ್ಯೂಟರ್ ಸ್ವಂತಕ್ಕೆ ಇರಲಿ, ಉಳಿದದ್ದು ಬಾಡಿಗೆಗೆ ಸಿಗುತ್ತದೆ.

ಜೊತೆಗಾರರ ನಂಟೂ ಈ ಸೆಳೆತದ ಒಂದು ಎಳೆ. ಡೈವಿಂಗ್‌ನಲ್ಲಿ ಸಾಮಾನ್ಯವಾಗಿ ಒಬ್ಬರೇ ಇಳಿಯುವ ಪದ್ಧತಿಯಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಬಡ್ಡಿ ಇರುತ್ತಾರೆ. ಸಾಲದ ಬಡ್ಡಿಯಲ್ಲ, ಜೊತೆಗಾರ ಎಂಬರ್ಥದ ಇಂಗ್ಲಿಷ್ ಪದ, ಆದರೂ ತರಗತಿಯಲ್ಲಿ ಪ್ರತಿ ಸಲ ಯಾರಾದರೊಬ್ಬರು ನಗುತ್ತಾರೆ. ನಿಮ್ಮ ಗಾಳಿ ಮುಗಿದರೆ ಉಸಿರಾಡಲು ಅವರ ಬಳಿ ಇನ್ನೊಂದು ಬಾಯಿಕೊಳವೆ ಇರುತ್ತದೆ, ಅವರದ್ದು ಮುಗಿದರೆ ನಿಮ್ಮ ಬಳಿ. ಮಾತಿಗೆ ಆಸ್ಪದವಿಲ್ಲದ ಕಡೆ ಇನ್ನೊಬ್ಬರ ಉಸಿರಿನ ಗುಳ್ಳೆಗಳನ್ನು ನೋಡಿಯೇ ಅವರು ನೆಮ್ಮದಿಯಾಗಿದ್ದಾರೋ ಗಾಬರಿಯಲ್ಲಿದ್ದಾರೋ ಎಂದು ತಿಳಿಯುವ ಅಭ್ಯಾಸ ಬೆಳೆಯುತ್ತದೆ.

ಅಪಾಯದ ಪ್ರಶ್ನೆಗೆ ಬರೋಣ. ಅಪಾಯವಿಲ್ಲವೆಂದು ಹೇಳುವ ಬೋಧಕರ ಜೊತೆ ಇಳಿಯಬೇಡಿ. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿ ಕೂರುತ್ತದೆ. ಗೋಲಿ ಸೋಡಾದ ಗೋಲಿಯನ್ನು ಒತ್ತಿದ ಕೂಡಲೇ ಬುರುಗು ಉಕ್ಕುವುದನ್ನು ನೆನೆದುಕೊಳ್ಳಿ; ಗಡಿಬಿಡಿಯಿಂದ ಮೇಲೆ ಬಂದವರ ಮೈಯೊಳಗೆ ಅಂಥದ್ದೇ ಗುಳ್ಳೆಗಳೆದ್ದು ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಅದಕ್ಕಾಗಿಯೇ ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗಿ ಏರದಿರುವುದು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು, ಕೊನೆಯ ಡೈವಿನ ನಂತರ ಹದಿನೆಂಟು ತಾಸು ವಿಮಾನ ಹತ್ತದಿರುವುದು ಮುಂತಾದ ನಿಯಮಗಳಿವೆ. ಮೂವತ್ತು ಮೀಟರಿನ ಆಸುಪಾಸಿನಲ್ಲಿ ಅದೇ ಸಾರಜನಕ ಮಿದುಳಿಗೆ ಮಂಪರು ಕವಿಸಿ, ಕುಡಿದವರಂತೆ ವಿವೇಚನೆ ತಪ್ಪಿಸುತ್ತದೆ. ಸ್ವಲ್ಪ ಮೇಲೇರಿದರೆ ಇಳಿದುಹೋಗುತ್ತದೆ. ಇವೆಲ್ಲ ಕೇಳಲು ಭಯಂಕರವಾದರೂ ಎಲ್ಲಕ್ಕೂ ಮೊದಲೇ ಗೊತ್ತಿರುವ, ಗಡಿಯಾರ ನೋಡಿ ಪಾಲಿಸಬಹುದಾದ ಪರಿಹಾರವಿದೆ. ದುರಂತಗಳ ಬುಡದಲ್ಲಿ ಬಹುಮಟ್ಟಿಗೆ ಕಾಣುವುದು ಗಾಬರಿ, ಅವಸರ, ಮುಚ್ಚಿಟ್ಟ ಕಾಯಿಲೆ ಅಥವಾ ತನಗೆ ಎಲ್ಲ ಗೊತ್ತೆಂಬ ಧಿಮಾಕು.

ಕೊನೆಯದಕ್ಕೆ ನಾನೇ ಉದಾಹರಣೆ. ಕಲಿಸಲು ಶುರುಮಾಡಿದ ಮೂರನೆಯ ವರ್ಷ, ನೆಗಡಿಯಿದ್ದರೂ ಮಾತ್ರೆ ನುಂಗಿ ಇಳಿದೆ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿದೂಗಿಸಬೇಕು; ಬಲಗಿವಿ ತೆರೆಯಲಿಲ್ಲ. ಮೇಲೆ ಹೋಗಿ ಎಂದು ಶಿಷ್ಯರಿಗೆ ದಿನವೂ ಹೇಳುವವನು ನಾನು, ಅಂದು ಜೋರಾಗಿ ಊದಿದೆ. ಕಿವಿಯೊಳಗೆ ಏನೋ ಹರಿದಂತಾಗಿ, ತಣ್ಣನೆಯ ನೀರು ನುಗ್ಗಿ, ಕಡಲೇ ಬುಗುರಿಯಂತೆ ತಿರುಗಿತು. ದೋಣಿಯ ಅಂಚು ಹಿಡಿದು ವಾಂತಿ ಮಾಡಿಕೊಂಡೆ, ಎಂಟು ವಾರ ನೀರಿಗೆ ಕಾಲಿಡಲಿಲ್ಲ. ಹೊಸ ತಂಡಕ್ಕೆ ಪಾಠ ಮಾಡುವಾಗ ಈ ಕಥೆಯನ್ನು ನಾನು ಬಿಡದೆ ಹೇಳುತ್ತೇನೆ.

ಚಟ ಎಂಬ ನಿಮ್ಮ ಪದದ ಬಗ್ಗೆ ನಾನು ಬಹಳ ಯೋಚಿಸಿದೆ. ಚಟಕ್ಕೆ ಬಿದ್ದವರು ಪ್ರತಿ ಸಲ ಮೊದಲಿಗಿಂತ ಹೆಚ್ಚಿನದನ್ನು ಬೇಡುತ್ತಾರೆ. ಹಳೆಯ ಡೈವರುಗಳಲ್ಲಿ ನಾನು ಕಂಡದ್ದು ಇದಕ್ಕೆ ತದ್ವಿರುದ್ಧ: ಮೊದಲ ವರ್ಷ ತಿಮಿಂಗಿಲ ಶಾರ್ಕ್ ಕಾಣಬೇಕೆಂದು ಹಂಬಲಿಸಿದವರು, ಹತ್ತನೆಯ ವರ್ಷ ಒಂದು ಅಂಗೈಯಗಲದ ಹವಳದ ಮೇಲಿನ ಅಕ್ಕಿಕಾಳಿನಷ್ಟು ಸಿಗಡಿಯ ಮುಂದೆ ಅರ್ಧ ಸಿಲಿಂಡರ್ ಕಳೆಯುತ್ತಾರೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರಿಂದ ನೋವೂ ಅವರ ಪಾಲಿಗೆ ಬರುತ್ತದೆ. ಕಡಲ ನೀರು ಬಿಸಿಯಾಗಿ ಹವಳಗಳು ಬಿಳಿಚಿ ಸಾಯುವುದನ್ನು ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಕಂಡಿದ್ದಾರೆ. ಹಿಂದಿನ ಸಲ ಜೇನುಗೂಡಿನಂತೆ ಗಿಜಿಗುಡುತ್ತಿದ್ದ ದಿಬ್ಬ ಈ ಸಲ ಸುಣ್ಣ ಬಳಿದಂತೆ ನಿಂತಿರುವುದನ್ನೂ, ಅದರ ಮುಂದಿನ ಸಲ ಪಾಚಿ ಕವಿದು ಕಪ್ಪಾಗಿರುವುದನ್ನೂ ನೋಡಿದವರು ಮೇಲೆ ಬಂದು ದೋಣಿಯಲ್ಲಿ ಮಾತಿಲ್ಲದೆ ಕೂರುತ್ತಾರೆ. ಹಾಗಿದ್ದೂ ಮರುವರ್ಷ ಹೋಗುತ್ತಾರೆ, ಬಂಡೆಯ ಯಾವ ಮೂಲೆಯಲ್ಲಿ ಎಳೆಯ ಹವಳ ಚಿಗುರಿದೆ ಎಂದು ಹುಡುಕುತ್ತಾರೆ. ನಿಮ್ಮ ಮಗಳು ಒಂದೇ ದ್ವೀಪಕ್ಕೆ ಎರಡನೆಯ ಸಲ ಹೋಗಿದ್ದರೆ, ಈ ಸಲ ಏನು ಬದಲಾಗಿತ್ತು ಎಂದು ಕೇಳಿ ನೋಡಿ. ಅಲ್ಲಿ ಏನಿದೆ ಎಂಬ ಪ್ರಶ್ನೆಗಿಂತ ಇದಕ್ಕೆ ಉದ್ದದ ಉತ್ತರ ಸಿಗಬಹುದು.

ಕೊನೆಯದಾಗಿ, ನೀವು ಇಳಿಯಬಹುದೇ? ವಯಸ್ಸಿಗೆ ಮೇಲ್ಮಿತಿಯಿಲ್ಲ. ಪ್ರಮಾಣಪತ್ರದ ಕೋರ್ಸಿಗೆ ಈಜು ಬೇಕೇ ಬೇಕು, ಬೋಧಕರ ಜೊತೆಗಿನ ಒಂದು ದಿನದ ಪರಿಚಯ ಡೈವಿಗೆ ಬೇಕಿಲ್ಲ. ಅದರ ಆಳವೂ ಹನ್ನೆರಡು ಮೀಟರಿಗೆ ಸೀಮಿತ. ಆದರೆ ಆರೋಗ್ಯದ ನಮೂನೆಯಲ್ಲಿ ಒಂದನ್ನೂ ಮುಚ್ಚಿಡಬೇಡಿ: ಆಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ, ರಕ್ತದೊತ್ತಡ. 45 ದಾಟಿದವರಿಗೆಂದೇ ಅದರಲ್ಲಿ ಹೆಚ್ಚಿನ ಪ್ರಶ್ನೆಗಳಿವೆ, ಒಂದಕ್ಕೆ ಹೌದು ಎಂದರೂ ವೈದ್ಯರ ಸಹಿ ಬೇಕಾಗುತ್ತದೆ. ನಿಮ್ಮ ವಯಸ್ಸಿನಲ್ಲಿ ಎಲ್ಲಕ್ಕೂ ಇಲ್ಲ ಎಂದಿದ್ದರೂ ವೈದ್ಯರನ್ನು ಒಮ್ಮೆ ಕಾಣುವುದೇ ಜಾಣತನ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಡಿಸೆಂಬರ್ ಅಥವಾ ಜನವರಿಯಲ್ಲಿ ಬನ್ನಿ, ಕಡಲು ಶಾಂತವಾಗಿರುತ್ತದೆ, ನೀರೂ ತಿಳಿ. ಬೆಳಗ್ಗೆ ಎರಡು ಇಡ್ಲಿಗಿಂತ ಹೆಚ್ಚು ಬೇಡ, ದೋಣಿಯ ತೂಗಾಟ ಗಂಟೆಗೂ ಮಿಗಿಲು. ಒಬ್ಬ ಬೋಧಕರಿಗೆ ಎಷ್ಟು ಮಂದಿ ಎಂದು ಮೊದಲೇ ಕೇಳಿ. ನಿಮಗೊಬ್ಬರೇ ಇರುತ್ತಾರೆಂದರೆ ಮಾತ್ರ ಹಣ ಕೊಡಿ. ಪ್ರಾಣಾಯಾಮದ ಅಭ್ಯಾಸ ನಿಮ್ಮ ನೆರವಿಗೆ ಬರುತ್ತದೆ, ಕುಂಭಕವೊಂದನ್ನು ದಡದಲ್ಲೇ ಬಿಟ್ಟು ಬಂದರೆ.

ಇನ್ನೊಂದು ಸೂಕ್ಷ್ಮ. ಎಲ್ಲ ಚೆನ್ನಾಗಿದೆ ಎನ್ನಲು ನೀರಿನೊಳಗೆ ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಉಂಗುರ ಮಾಡಿ ತೋರಿಸಬೇಕು. ಎಷ್ಟೇ ಖುಷಿಯಾದರೂ ಹೆಬ್ಬೆರಳನ್ನು ಮೇಲಕ್ಕೆತ್ತಬೇಡಿ. ನಮ್ಮ ಭಾಷೆಯಲ್ಲಿ ಅದಕ್ಕೆ ಮೇಲೆ ಹೋಗೋಣ ಎಂದರ್ಥ. ಬೋಧಕರು ಮರುಮಾತಿಲ್ಲದೆ ನಿಮ್ಮನ್ನು ದೋಣಿಗೆ ಕರೆತಂದು ಬಿಡುತ್ತಾರೆ, ನಿಮ್ಮ ಮಗಳು ಕೆಳಗೇ ಉಳಿದಿರುತ್ತಾರೆ.